ಹಳೆಯ ಚಾರ್ಟರ್ ಬೋಟು: ಒಂಬತ್ತು ವರ್ಷ ಬಳಸಿದ ಮೇಲೆ

ಕೊಂಡ ಮೊದಲ ವರ್ಷ ಬೋಟಿನ ಹಿಂಬದಿಯ ಅಂಚುಕಟ್ಟೆಯ ಬಣ್ಣ ಕೆರೆಯುತ್ತಿದ್ದೆ. ಬಿಳಿಯ ಕೆಳಗೆ ಬೂದು, ಬೂದಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಮತ್ತೆ ಬಿಳಿ. ಆ ಕೊನೆಯ ಬಿಳಿಯ ಮೇಲೆ 1ರಿಂದ 6ರವರೆಗಿನ ಅಂಕಿಗಳು ಕಪ್ಪು ಬಣ್ಣದಲ್ಲಿ ಕಾಣಿಸಿದವು. ಬಾಡಿಗೆಗೆ ಬಂದ ಆರು ಮಂದಿ ಗಾಳದ ಕೋಲು ಹಿಡಿದು ನಿಲ್ಲುತ್ತಿದ್ದ ಜಾಗಗಳವು. ಅಂಕಿಗಳ ನಡುವಿನ ಅಂತರ ಸಮವಾಗಿರಲಿಲ್ಲ. 3 ಮತ್ತು 4 ಹಿಂಬದಿಯ ಎರಡು ಮೂಲೆಗಳಲ್ಲಿದ್ದವು, ಅವುಗಳ ನಡುವಿನ ಅಗಲವೆಲ್ಲ ಖಾಲಿ. ಯಾಕೆಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಪ್ರೊಪೆಲ್ಲರ್ ಮತ್ತು ಚುಕ್ಕಾಣಿ ಇರುವುದು ಸರಿಯಾಗಿ ಆ ಖಾಲಿ ಜಾಗದ ಕೆಳಗೆ. ಅಲ್ಲಿ ನಿಂತವನ ದಾರ ಒಂದಲ್ಲ ಒಂದು ಹೊತ್ತಿಗೆ ಅವುಗಳಿಗೆ ಸುತ್ತಿಕೊಳ್ಳುತ್ತದೆ. ಅಂಕಿಗಳ ಮೇಲೆ ಪಾರದರ್ಶಕ ವಾರ್ನಿಷ್ ಬಳಿದು ಹಾಗೆಯೇ ಉಳಿಸಿಕೊಂಡಿದ್ದೇನೆ. ಇಂದಿಗೂ ಜೊತೆಗೆ ಬಂದವರನ್ನು ಆ ಅಂಕಿಗಳಲ್ಲೇ ನಿಲ್ಲಿಸುತ್ತೇನೆ.

ಬೋಟಿನ ಉದ್ದ 35 ಅಡಿ, ಮೈ ಫೈಬರ್‌ಗ್ಲಾಸಿನದು, ಕಟ್ಟಿದ್ದು 1979ರಲ್ಲಿ. ಒಂದೇ ಡೀಸೆಲ್ ಎಂಜಿನ್, ಪ್ರೊಪೆಲ್ಲರ್ ತಿರುಗಿಸುವ ನೇರ ಶಾಫ್ಟ್, ತಳದುದ್ದಕ್ಕೂ ಇಳಿದು ಪ್ರೊಪೆಲ್ಲರಿಗೆ ಕಾವಲಾಗಿ ನಿಲ್ಲುವ ಆಳವಾದ ಕೀಲ್. ಇಪ್ಪತ್ತಕ್ಕೂ ಹೆಚ್ಚು ವರ್ಷ ಮೀನುಬೇಟೆಯ ಗಿರಾಕಿಗಳನ್ನು ಹೊತ್ತು ದುಡಿದು, ಕೆಲವು ವರ್ಷ ದಡದಲ್ಲಿ ಮುಚ್ಚಿಕೊಂಡು ಕುಳಿತು, ಆಮೇಲೆ ಒಬ್ಬರ ಕೈಯಲ್ಲಿ ದುರಸ್ತಿಯಾಗಿ ನನ್ನ ಬಳಿಗೆ ಬಂತು. ನನ್ನ ಕೈಗೆ ಬಂದ ಮೇಲೆ ಎಂಜಿನ್ 1,400 ಗಂಟೆಗೂ ಮಿಕ್ಕಿ ಓಡಿದೆ.

ಇಂಥ ಬೋಟು ಕೊಳ್ಳುವವರು ನಿಜವಾಗಿ ಕೊಳ್ಳುವುದು ತಳದ ಆಕಾರವನ್ನು ಮತ್ತು ಹಿಂಬದಿಯ ಜೋಡಣೆಯನ್ನು. ಎಂಜಿನ್, ತಂತಿ, ಟ್ಯಾಂಕ್, ಪಂಪ್ ಎಲ್ಲವೂ ಇಂದಲ್ಲ ನಾಳೆ ಬದಲಾಗುವ ಸರಕು. ಇದು ನನಗೆ ಮೊದಲೇ ಗೊತ್ತಿದ್ದರೆ ಬೋಟು ನೋಡಲು ಹೋದ ದಿನ ಹೊಳೆಯುವ ಬಣ್ಣವನ್ನೂ ಹೊಸ ಕುರ್ಚಿಗಳನ್ನೂ ಅಷ್ಟು ಹೊತ್ತು ನೋಡುತ್ತಾ ನಿಲ್ಲುತ್ತಿರಲಿಲ್ಲ.

‘ಜೀರ್ಣೋದ್ಧಾರವಾಗಿದೆ’ ಎಂದು ಯಾರಾದರೂ ಹೇಳಿದರೆ, ಎಲ್ಲಿಯವರೆಗೆ ಎಂದು ಕೇಳಿ. ನನ್ನ ಬೋಟಿನಲ್ಲಿ ಅದು ಡೆಕ್ಕಿನ ಮೇಲ್ಮೈಯಲ್ಲೇ ನಿಂತಿತ್ತು. ಮೂರನೆಯ ವರ್ಷ ಎಂಜಿನ್ ಕೂತಿರುವ ಬೋಲ್ಟುಗಳು ಮತ್ತೆ ಮತ್ತೆ ಸಡಿಲವಾಗತೊಡಗಿದವು. ಬಿಗಿ ಮಾಡಿದರೆ ಹತ್ತು ಗಂಟೆ ಓಡುವಷ್ಟರಲ್ಲಿ ಮತ್ತೆ ಅದೇ ಕಥೆ. ಒಂದು ದಿನ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಹಿಡಿದು ಎಂಜಿನ್ ಕೋಣೆಯಲ್ಲಿ ಮಂಡಿಯೂರಿ, ಎಂಜಿನ್ ಹೊತ್ತಿರುವ ಉದ್ದ ತೊಲೆಯನ್ನು ಗೇಣು ಗೇಣಿಗೆ ತಟ್ಟುತ್ತಾ ಬಂದೆ. ಟಣ್, ಟಣ್, ಟಣ್ ಎನ್ನುತ್ತಿದ್ದ ಸದ್ದು ಒಂದು ಕಡೆ ದಬ್ ಎಂದಿತು. ಅಲ್ಲಿ ಸಣ್ಣ ತೂತು ಕೊರೆದಾಗ ಕಷಾಯದ ಬಣ್ಣದ ನೀರು ತೊಟ್ಟಿಕ್ಕಿತು. ಕೊರೆದ ಬೈರಿಗೆಯ ತುದಿಗೆ ಅಂಟಿಕೊಂಡು ಬಂದದ್ದು ಮರವಲ್ಲ, ಒದ್ದೆ ಚಹಾ ಪುಡಿಯಂಥ ಮುದ್ದೆ.

ಆ ಕಾಲದ ಬೋಟುಗಳಲ್ಲಿ ಈ ತೊಲೆಗಳು ಹೆಚ್ಚಾಗಿ ಮರದವು, ಮೇಲೆ ಫೈಬರ್‌ಗ್ಲಾಸಿನ ಹೊದಿಕೆ. ಹೊದಿಕೆ ಇಡಿಯಾಗಿರುವವರೆಗೆ ಏನೂ ಆಗುವುದಿಲ್ಲ. ಯಾವನೋ ಒಬ್ಬ ಪಂಪ್ ಕೂರಿಸಲು ನಾಲ್ಕು ಸ್ಕ್ರೂ ಹೊಡೆದು, ಅವುಗಳ ಸುತ್ತ ನೀರು ತಡೆಯುವ ಅಂಟು ಹಾಕದೆ ಬಿಟ್ಟಿದ್ದ. ಮರದ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಆದರೆ ಹೊದಿಕೆಯೊಳಗೆ ಒಮ್ಮೆ ನುಗ್ಗಿದ ನೀರಿಗೆ ಆರಿಹೋಗಲು ದಾರಿಯೇ ಇರುವುದಿಲ್ಲ. ಎಂಜಿನ್ ಎತ್ತಿಸಿ, ತೊಲೆಯ ಮೇಲ್ಭಾಗ ಕತ್ತರಿಸಿ, ಕೊಳೆತದ್ದನ್ನೆಲ್ಲ ಕೆತ್ತಿ ತೆಗೆದು, ಒಣಗಿಸಿ, ಹೊಸ ಮರ ಕೂರಿಸಿ, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟುರಾಳದಲ್ಲಿ ಮತ್ತೆ ಹೊದಿಸಿದೆವು. ಪಾಲಿಯೆಸ್ಟರ್ ರಾಳದಲ್ಲಿ ಮಾಡಿದ ಹಳೆಯ ಫೈಬರ್‌ಗ್ಲಾಸ್ ಮೈಗೆ ಹೊಸ ಪಾಲಿಯೆಸ್ಟರಿಗಿಂತ ಎಪಾಕ್ಸಿಯೇ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಕೆಲಸದಲ್ಲಿ ಅಗ್ಗದ ದಾರಿ ಹಿಡಿಯಬೇಡಿ. ನಾಲ್ಕು ತಿಂಗಳು ಬೋಟು ನೀರಿಗಿಳಿಯಲಿಲ್ಲ. ಕೊಳ್ಳುವ ಮೊದಲು ಮಾರುವವರಿಗೆ ಸಂಬಂಧವಿಲ್ಲದ ಒಬ್ಬ ಪರೀಕ್ಷಕರನ್ನು ಕರೆದುಕೊಂಡು ಹೋಗಿದ್ದರೆ ಅವರ ಸುತ್ತಿಗೆ ಅರ್ಧ ಗಂಟೆಯಲ್ಲಿ ಇದನ್ನು ಹೇಳುತ್ತಿತ್ತು. ನಾನು ಕರೆದುಕೊಂಡು ಹೋಗಿರಲಿಲ್ಲ.

ಅಂದಿನಿಂದ ಡೆಕ್ಕಿನಲ್ಲಿ ಒಂದು ಸ್ಕ್ರೂ ಹಾಕಬೇಕಾದರೂ ಮೊದಲು ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆಯುತ್ತೇನೆ. ಅದಕ್ಕೆ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂವಿನ ತೂತು ಕೊರೆಯುತ್ತೇನೆ. ಸ್ಕ್ರೂ ಎಪಾಕ್ಸಿಯನ್ನಷ್ಟೇ ಮುಟ್ಟುತ್ತದೆ, ಒಳಗಿನ ಮರವನ್ನು ಮುಟ್ಟುವುದಿಲ್ಲ. ಐದು ನಿಮಿಷದ ಕೆಲಸಕ್ಕೆ ಎರಡು ದಿನ ಹಿಡಿಯುತ್ತದೆ, ಹಿಡಿಯಲಿ.

ಎಂಜಿನ್ ಬಗ್ಗೆ ದೂರು ಕಡಿಮೆ. ನಿಧಾನವಾಗಿ ಉಸಿರಾಡುವ ಆರು ಸಿಲಿಂಡರಿನ ಡೀಸೆಲ್ ಅದು. ಶುದ್ಧ ಇಂಧನ, ಶುದ್ಧ ಎಣ್ಣೆ, ತಣ್ಣನೆಯ ನೀರು ಸಿಕ್ಕರೆ ಬೇರೇನನ್ನೂ ಬೇಡುವುದಿಲ್ಲ. ನೀರು ಸಿಗದೆ ಹೋದ ಒಂದು ಸಂಜೆ ಮಾತ್ರ ಮರೆಯುವಂಥದ್ದಲ್ಲ. ದಡದಿಂದ 11 ನಾಟಿಕಲ್ ಮೈಲಿ ದೂರದಲ್ಲಿದ್ದೆವು. ಉಷ್ಣತೆಯ ಮುಳ್ಳಿಗಿಂತ ಮೊದಲು ನನ್ನ ಕಿವಿ ಎಚ್ಚರಿಸಿತು. ಹೊಗೆ ಕೊಳವೆಯಿಂದ ಸಮುದ್ರದ ನೀರು ಉಗುಳುವ ಚಳಕ್ ಚಳಕ್ ಸದ್ದು ನಿಂತು, ಟೊಳ್ಳು ಡಬ್ಬ ಬಡಿದಂತೆ ಒಣ ಸದ್ದು ಬರುತ್ತಿತ್ತು. ಎಂಜಿನ್ ನಿಲ್ಲಿಸಿ ನೀರಿನ ಪಂಪ್ ಬಿಚ್ಚಿದರೆ ನೀರು ತಳ್ಳುವ ರಬ್ಬರ್ ಚಕ್ರದ, ಅಂದರೆ ಇಂಪೆಲ್ಲರಿನ, ಆರು ಎಸಳುಗಳಲ್ಲಿ ಎರಡು ಇರಲಿಲ್ಲ. ಬದಲಿ ಇಂಪೆಲ್ಲರ್ ಇತ್ತು, ಮುಕ್ಕಾಲು ಗಂಟೆಯಲ್ಲಿ ಕೂರಿಸಿ ನಿಧಾನವಾಗಿ ಮನೆ ಸೇರಿದೆವು. ಮುರಿದ ಎಸಳುಗಳನ್ನು ಹುಡುಕದೆ ಬಿಡಬಾರದು. ಮಾರನೆಯ ದಿನ ಅವೆರಡೂ ಎಂಜಿನ್ನಿನ ಬಿಸಿಯನ್ನು ಸಮುದ್ರದ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲಿ, ಕೊಳವೆಗಳಿಗೆ ಅಡ್ಡವಾಗಿ ಸಿಕ್ಕವು. ಹಾಗೆಯೇ ಬಿಟ್ಟಿದ್ದರೆ ಹೊಸ ಇಂಪೆಲ್ಲರ್ ಇದ್ದೂ ಎಂಜಿನ್ ಬಿಸಿಯೇರುತ್ತಿತ್ತು. ಈಗ ಪ್ರತಿ ವರ್ಷ, ಚೆನ್ನಾಗಿದ್ದರೂ, ಇಂಪೆಲ್ಲರ್ ಬದಲಿಸುತ್ತೇನೆ. ನೀರಿನಡಿಯ ಲೋಹವನ್ನು ಕಾಯುವ ಸತುವಿನ ಗಟ್ಟಿಗಳೂ ಅರ್ಧ ಕರಗಿದೊಡನೆ ಬದಲಾಗುತ್ತವೆ. ಸತು ಕರಗುತ್ತಿರುವುದು ಒಳ್ಳೆಯ ಲಕ್ಷಣ, ಕಂಚಿನ ಪ್ರೊಪೆಲ್ಲರಿನ ಬದಲು ತಾನು ಸವೆಯಲೆಂದೇ ಅದು ಅಲ್ಲಿರುವುದು.

ಇನ್ನು ಮೀನುಬೇಟೆ. ಇಷ್ಟೆಲ್ಲ ಪಾಡು ಪಡುವುದು ಇದಕ್ಕಾಗಿಯೇ.

ದಿನವೂ ಇದೇ ಕೆಲಸ ಮಾಡಿದವರು ಜೋಡಿಸಿದ ಬೋಟಿದು ಎಂಬುದು ಹಿಂಬದಿಗೆ ಕಾಲಿಟ್ಟೊಡನೆ ತಿಳಿಯುತ್ತದೆ. ಅಂಚುಕಟ್ಟೆ ಸರಿಯಾಗಿ ತೊಡೆಯ ಎತ್ತರಕ್ಕಿದೆ. ಮೀನು ಎಳೆದಾಗ ತೊಡೆಯನ್ನು ಅದಕ್ಕೆ ಒತ್ತಿ ನಿಲ್ಲಬಹುದು, ಮೊಣಕಾಲಿನ ಮಟ್ಟಕ್ಕಿದ್ದರೆ ಮನುಷ್ಯ ನೀರಿಗೆ ಬೀಳುತ್ತಾನೆ. ಹಗ್ಗ ಕಟ್ಟುವ ಗೂಟಗಳೆಲ್ಲ ಕಟ್ಟೆಯ ಒಳಮಗ್ಗುಲಲ್ಲಿವೆ, ದಾರ ಸಿಕ್ಕಿಕೊಳ್ಳುವಂಥ ಒಂದು ಚೂಪೂ ಹೊರಗಿಲ್ಲ. ಹಿಂಬದಿಯ ಮೂಲೆಗಳನ್ನು ದುಂಡಗೆ ಮಾಡಿದ್ದಾರೆ. ಕ್ಯಾಬಿನ್ನಿನ ಹಿಂಗೋಡೆಗೆ ಒತ್ತಿಕೊಂಡು ಎರಡನೆಯ ಚುಕ್ಕಾಣಿ ಚಕ್ರವಿದೆ. ಅದರ ಬೆಲೆ ನನಗೆ ಗೊತ್ತಾದದ್ದು ಐದನೆಯ ವರ್ಷ.

ಅಂದು ಮಗಳು 4ರಲ್ಲಿ ನಿಂತಿದ್ದಳು. ಟ್ಯೂನಾ ಗಾಳ ಕಚ್ಚಿ ನಲವತ್ತು ನಿಮಿಷ ಕಳೆದಿತ್ತು. ದಣಿದ ಟ್ಯೂನಾ ಬೋಟಿನ ಕೆಳಗೆ ನೇರವಾಗಿ ಇಳಿದು ಸುತ್ತು ಹಾಕತೊಡಗುತ್ತದೆ, ಒಂದೊಂದು ಸುತ್ತಿಗೂ ದಾರ ತಳದತ್ತ ಸರಿಯುತ್ತದೆ. “ಅಪ್ಪಾ, ದಾರ ಒಳಗೆ ಹೋಗುತ್ತಿದೆ” ಎಂದು ಕೂಗಿದಳು. ನಾನು ಹಿಂದಿನ ಚಕ್ರದಲ್ಲೇ ಇದ್ದೆ. ಮೀನಿರುವ ಬದಿಗೇ ಚುಕ್ಕಾಣಿ ತಿರುಗಿಸಿ ಗೇರನ್ನು ಎರಡೇ ಕ್ಷಣ ಮುಂದಕ್ಕೆ ಹಾಕಿದೆ. ಮೀನಿನತ್ತ ತಿರುಗಿಸುವುದು ತಲೆಕೆಳಗಾದ ಲೆಕ್ಕದಂತೆ ಕಾಣುತ್ತದೆ, ಆದರೆ ಮೂತಿ ಆ ಕಡೆಗೆ ಹೊರಳಿದಾಗ ಹಿಂಬದಿ ಮೀನಿನಿಂದ ದೂರ ಸರಿಯುತ್ತದೆ. ದಾರ ದುಂಡು ಮೂಲೆಯನ್ನು ಸವರಿಕೊಂಡು ಹೊರಗೆ ಬಂತು. ಮೂಲೆ ಚೂಪಾಗಿದ್ದರೆ ಅಲ್ಲಿಯೇ ತುಂಡಾಗುತ್ತಿತ್ತು. ಆರು ಸುತ್ತಿನ ನಂತರ ನೀರಿನೊಳಗೆ ಮೊದಲು ಹಸಿರು, ಆಮೇಲೆ ಬೆಳ್ಳಿ, ಕೊನೆಗೆ ಹಳದಿ ರೆಕ್ಕೆಗಳು ಕಂಡವು. ಕೊಕ್ಕೆ ಹಾಕಿ ಮೇಲೆಳೆದಾಗ ಅವಳ ತೋಳುಗಳು ನಡುಗುತ್ತಿದ್ದವು. ಮೂವತ್ತು ವರ್ಷ ಹಿಂದೆ ಆ ಮೂಲೆಯನ್ನು ಉಜ್ಜಿ ದುಂಡಗೆ ಮಾಡಿದವನ ಮುಖ ನಾನು ನೋಡಿಲ್ಲ, ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಎರೆಯನ್ನು ಹಿಂದೆ ಎಳೆಯುತ್ತಾ ಸಾಗುವ ಟ್ರೋಲಿಂಗಿಗೆ ಇಂಥ ಬೋಟು ಹೇಳಿ ಮಾಡಿಸಿದ್ದು. ಒಂದೇ ಪ್ರೊಪೆಲ್ಲರ್ ಆದ್ದರಿಂದ ಹಿಂದಿನ ನೊರೆ ನಡುವೆಯಷ್ಟೇ ಏಳುತ್ತದೆ, ಎರಡೂ ಪಕ್ಕದಲ್ಲಿ ತಿಳಿನೀರಿನ ಓಣಿ ಉಳಿಯುತ್ತದೆ. ಎರೆಯನ್ನು ಬೋಟಿನ ಹಿಂದೇಳುವ ಮೂರನೆಯ, ನಾಲ್ಕನೆಯ ಅಲೆಯ ಮುಮ್ಮುಖದಲ್ಲಿ ಓಡಿಸುತ್ತೇನೆ. ವೇಗ 7 ನಾಟ್ ಆಸುಪಾಸು, ಅಂದರೆ ಗಂಟೆಗೆ 7 ನಾಟಿಕಲ್ ಮೈಲಿ. ಇದು ಇಂಧನಕ್ಕೂ ಒಪ್ಪುವ ವೇಗ. ನೀರನ್ನು ಸೀಳಿ ಸಾಗುವ ಬೋಟಿನ ಸಹಜ ವೇಗ, ಮೈ ನೀರಿನ ಮಟ್ಟವನ್ನು ಮುಟ್ಟುವ ನೀರಿನ ಗೆರೆಯ ಉದ್ದವನ್ನು ಅಡಿಗಳಲ್ಲಿ ಅಳೆದು ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದಷ್ಟು. ನನ್ನದರ ನೀರಿನ ಗೆರೆ 32 ಅಡಿ, ಅಂದರೆ ಸುಮಾರು 7.6 ನಾಟ್. ಅದರೊಳಗೆ ಇದ್ದರೆ ಗಂಟೆಗೆ 8 ಲೀಟರ್ ಡೀಸೆಲ್ ಸಾಕು. 14 ನಾಟಿಗೆ ಏರಿಸಿದರೆ 35 ಲೀಟರ್ ಮುಗಿಯುತ್ತದೆ. ವೇಗ ದುಪ್ಪಟ್ಟು, ಖರ್ಚು ನಾಲ್ಕು ಪಟ್ಟಿಗೂ ಮೇಲೆ.

ವೇಗ ಬೇಕೆನ್ನುವವರಿಗೆ ಈ ತಳ ಸರಿಹೋಗದು. 1960ರ ಮಯಾಮಿ–ನಸ್ಸೌ ಮೋಟಾರು ಬೋಟುಗಳ ಓಟದಲ್ಲಿ ರೇ ಹಂಟ್ ರೂಪಿಸಿದ ‘ಮೊಪ್ಪಿ’ ಎಂಬ ಬೋಟು ಒರಟು ಸಮುದ್ರದಲ್ಲಿ ಉಳಿದವರನ್ನೆಲ್ಲ ಹಿಂದೆ ಹಾಕಿ ಗೆದ್ದ ಮೇಲೆ ಆಳವಾದ ‘ವಿ’ ಆಕಾರದ ತಳಕ್ಕೆ ಹೆಸರು ಬಂತು. ಎದುರಲೆಯನ್ನು ಅದು ಸೀಳಿಕೊಂಡು ಹೋಗುತ್ತದೆ. ನನ್ನದು 12 ನಾಟ್ ದಾಟಿದರೆ ಅಲೆಯ ಮೇಲೆ ಬಡಿಯುತ್ತದೆ, ಕಪಾಟಿನ ಬಾಗಿಲು ತೆರೆದುಕೊಳ್ಳುತ್ತದೆ, ಗಾಜಿಗೆ ನೀರು ರಾಚುತ್ತದೆ. ಆಗ ವೇಗ ಇಳಿಸುವುದೊಂದೇ ಉಪಾಯ. ಆದರೆ ಎಂಜಿನ್ ನಿಲ್ಲಿಸಿ ತೇಲುತ್ತಾ ಆಳಕ್ಕೆ ಗಾಳ ಇಳಿಸುವಾಗ ‘ವಿ’ ತಳದ ಬೋಟು ಹೊರಳಾಡುವಂತೆ ಇದು ಹೊರಳಾಡುವುದಿಲ್ಲ, ಕೀಲ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಹೊಟ್ಟೆ ತೊಳಸುವವರನ್ನೂ ನಾನು ಧೈರ್ಯವಾಗಿ ಕರೆದುಕೊಂಡು ಹೋಗುತ್ತೇನೆ.

ಹಳೆಯ ತಂತಿಗಳನ್ನೆಲ್ಲ ಎರಡನೆಯ ವರ್ಷವೇ ಕಿತ್ತೆ. ಬರಿ ತಾಮ್ರ ಉಪ್ಪುಗಾಳಿಗೆ ಹೊದಿಕೆಯೊಳಗೇ ಕಪ್ಪಾಗಿತ್ತು. ಈಗಿರುವುದು ತವರ ಲೇಪಿಸಿದ ತಂತಿ. ತಳದ ನೀರು ಹೊರಹಾಕುವ ಪಂಪ್ ನೇರವಾಗಿ, ಫ್ಯೂಸ್ ಮೂಲಕ, ಬ್ಯಾಟರಿಗೆ ಸೇರಿದೆ. ಮುಖ್ಯ ಸ್ವಿಚ್ ಆರಿಸಿದ್ದರೂ ಓಡುತ್ತದೆ. ಒಂದು ಕಪಾಟಿನಲ್ಲಿ ಅಪಾಯದಲ್ಲಿ ರೇಡಿಯೊ ಸಂಕೇತ ಕಳಿಸುವ, 121.5 ಮೆಗಾಹರ್ಟ್ಸಿನ ಹಳೆಯ ತುರ್ತು ಬೀಕನ್ ಬ್ಯಾಟರಿ ಸಮೇತ ಸಿಕ್ಕಿತ್ತು. ಆ ಆವರ್ತನಕ್ಕೆ ಉಪಗ್ರಹಗಳು ಕಿವಿಗೊಡುವುದನ್ನು 2009ರ ಫೆಬ್ರುವರಿ 1ರಂದೇ ನಿಲ್ಲಿಸಿವೆ. ಬೋಟಿನೊಂದಿಗೆ ಬಂದ ರಕ್ಷಣಾ ಸಾಮಗ್ರಿಯನ್ನು ನಂಬಬೇಡಿ, 406 ಮೆಗಾಹರ್ಟ್ಸಿನ ಬೀಕನ್ ಕೊಂಡು ನಿಮ್ಮ ಹೆಸರಿನಲ್ಲಿ ನೋಂದಾಯಿಸಿ.

ಖರ್ಚಿನ ಮಾತು ಕೇಳುವವರಿಗೆ ಹೇಳುವುದಾದರೆ, ಬೋಟಿಗೆ ಕೊಟ್ಟಷ್ಟೇ ಹಣ ಮೊದಲ ನಾಲ್ಕು ವರ್ಷಗಳಲ್ಲಿ ಮತ್ತೊಮ್ಮೆ ಹೋಯಿತು. ಆಮೇಲಿನ ಐದು ವರ್ಷ ಹಗುರ. ಸ್ವಂತ ಕೈಯಿಂದ ಸ್ಪ್ಯಾನರ್ ಹಿಡಿಯದವರಿಗೆ ಇಂಥ ಬೋಟು ಕೊಳ್ಳಿ ಎಂದು ನಾನು ಹೇಳಲಾರೆ. ಕಡಲಿನಲ್ಲಿ ಕಳೆದ ಪ್ರತಿ ಗಂಟೆಗೂ ಒಂದು ಗಂಟೆ ಡೆಕ್ಕಿನ ಕೆಳಗೆ ಕಳೆದಿದ್ದೇನೆ. ವರ್ಷಕ್ಕೆ ಹತ್ತು ಬಾರಿ ಮಾತ್ರ ಹೋಗುವವರು ಬಾಡಿಗೆ ಬೋಟಿನಲ್ಲೇ ಹೋಗಲಿ. ವಾರಕ್ಕೊಮ್ಮೆಯಾದರೂ ನೀರಿಗಿಳಿಯುವವರು, ಎಂಜಿನ್ ಕೋಣೆಯ ಎಣ್ಣೆ ವಾಸನೆಯಲ್ಲಿ ಭಾನುವಾರ ಕಳೆಯಲು ಬೇಸರಿಸದವರು, ಗಟ್ಟಿ ತಳದ ಒಂದನ್ನು ಹುಡುಕಲಿ.

ಮಾರುತ್ತೀರಾ ಎಂದು ಕಳೆದ ತಿಂಗಳೂ ಒಬ್ಬರು ಕೇಳಿದರು, ಇಲ್ಲ ಎಂದೆ. ಶಾಫ್ಟಿನ ರಬ್ಬರ್ ಬೇರಿಂಗ್ ಸವೆದಿದೆ, ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ಪ್ರೊಪೆಲ್ಲರ್ ಕೂದಲೆಳೆಯಷ್ಟು ಆಡುತ್ತದೆ. ಬೋಟನ್ನು ಮುಂದಿನ ವಾರ ದಡಕ್ಕೆ ಎಳೆಸುತ್ತಿದ್ದೇನೆ. ಹಾಗೆಯೇ ಅಂಕಿಗಳ ಮೇಲಿನ ವಾರ್ನಿಷನ್ನೂ ಮತ್ತೊಮ್ಮೆ ಬಳಿಯಬೇಕು, 4ರ ಮೇಲೆ ಅದು ಪೂರ್ತಿ ಸವೆದುಹೋಗಿದೆ.