ಹಳೆಯ ಮನೆಗೆ ಹೊಸ ರೂಟರ್: ರಿಪೀಟರ್, ಮೆಶ್, ಕೇಬಲ್‌ಗಳಲ್ಲಿ ಯಾವುದು?

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ನಮ್ಮ ಮನೆಯ ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯಲ್ಲಿ ಕಟ್ಟಿದವು. ದಪ್ಪ ಒಂದೂವರೆ ಅಡಿ. ರೂಟರ್ ಇರುವುದು ಹಜಾರದಲ್ಲಿ, ನಾನು ಕೆಲಸ ಮಾಡುವುದು ಹಿತ್ತಿಲ ಕಡೆಯ ಕೋಣೆಯಲ್ಲಿ. ನಡುವೆ ಅಂಥ ಎರಡು ಗೋಡೆಗಳೂ ಅಜ್ಜಿಯ ಕಾಲದ ಕಬ್ಬಿಣದ ಬೀರುವೂ ಇವೆ. 200 ಎಂಬಿಪಿಎಸ್ ಸಂಪರ್ಕ ಪಡೆದು ವೈ-ಫೈ 6ರ ಹೊಸ ರೂಟರ್ ತಂದಿಟ್ಟ ಮೇಲೂ ಆ ಕೋಣೆಯಲ್ಲಿ ಸಿಗುತ್ತಿದ್ದ ವೇಗ ಬರೀ 11.

ವೈ-ಫೈಯನ್ನು ದೂರುವ ಮೊದಲು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ ಮೂಲಕ ನೇರವಾಗಿ ರೂಟರಿಗೆ ಜೋಡಿಸಿ ಅಳೆದೆ. 94 ಬಂತು. ಈ ಸಂಖ್ಯೆ ಕಂಡರೆ ಅನುಮಾನಿಸಬೇಕು, ಏಕೆಂದರೆ 100 ಎಂಬಿಪಿಎಸ್‌ನ ಈಥರ್ನೆಟ್ ಸಂಪರ್ಕದಲ್ಲಿ ದೊರೆಯುವ ಗರಿಷ್ಠ ವೇಗ ಹೆಚ್ಚುಕಡಿಮೆ ಅಷ್ಟೇ. ಫೈಬರ್ ಪೆಟ್ಟಿಗೆಯಿಂದ ರೂಟರಿಗೆ ಬರುವ ಹಳೆಯ ಕೇಬಲ್‌ನ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದಾಗ, ಎಂಟು ತಂತಿಗಳಲ್ಲಿ ಕಂದು ಬಣ್ಣದ್ದೊಂದು ತುದಿಯನ್ನು ಮುಟ್ಟದೆ ಹಿಂದಕ್ಕೆ ಸರಿದಿತ್ತು. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿಗಳು ಬೇಕು, 100ಕ್ಕೆ ನಾಲ್ಕು ಸಾಕು. ಆದ್ದರಿಂದಲೇ ಇಂಟರ್ನೆಟ್ ನಿಲ್ಲದೆ ನಿಧಾನವಾಗಿ ನಡೆಯುತ್ತಿತ್ತು. ಕೇಬಲ್ ಬದಲಿಸಿದೊಡನೆ ಹಜಾರದಲ್ಲಿ ಪೂರ್ಣ ವೇಗ ಬಂತು. ಹಿಂದಿನ ಕೋಣೆಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ.

ವೈ-ಫೈ ಬಳಸುವ ಎರಡು ತರಂಗ ಪಟ್ಟಿಗಳಲ್ಲಿ (ಬ್ಯಾಂಡ್‌ಗಳಲ್ಲಿ) ಗೋಡೆ ದಾಟಲು ಹೆಚ್ಚು ಕಷ್ಟಪಡುವ 5 ಗಿಗಾಹರ್ಟ್ಸ್ ಬ್ಯಾಂಡ್ ಅಲ್ಲಿ ಬಂದುಹೋಗುತ್ತಿತ್ತು. 2.4 ಗಿಗಾಹರ್ಟ್ಸ್ ಗೋಡೆ ದಾಟಿ ಬರುತ್ತಿದ್ದರೂ ಅಕ್ಕಪಕ್ಕದ ಮನೆಗಳ ರೂಟರುಗಳೆಲ್ಲ ಅದೇ ಬ್ಯಾಂಡಿನಲ್ಲಿದ್ದವು. ಆ ಬ್ಯಾಂಡಿನೊಳಗಿನ ಚಾನೆಲ್‌ಗಳ (ಉಪಪಟ್ಟಿಗಳ) ಪೈಕಿ ಒಂದರ ಮೇಲೊಂದು ಬೀಳದ 1, 6, 11ನೇ ಚಾನೆಲ್‌ಗಳಲ್ಲಿ ದಟ್ಟಣೆ ಕಡಿಮೆಯಿದ್ದ 11ನ್ನು ಆರಿಸಿ, ಚಾನೆಲ್ ಅಗಲವನ್ನು 40ರಿಂದ 20 ಮೆಗಾಹರ್ಟ್ಸ್‌ಗೆ ಇಳಿಸಿ, ರೂಟರನ್ನು ಟಿವಿಯ ಹಿಂದಿನಿಂದ ತೆಗೆದು ಎತ್ತರದಲ್ಲಿಟ್ಟಾಗ ವೇಗ 24ಕ್ಕೆ ಏರಿತು. ಖರ್ಚಿಲ್ಲದೆ ಸಿಕ್ಕ ಲಾಭ ಇಷ್ಟು.

ನಡುಮನೆಯಲ್ಲಿ ಹಾಕಿದ ರಿಪೀಟರ್ (ರೂಟರಿನ ವೈ-ಫೈ ಸಿಗ್ನಲನ್ನು ಹಿಡಿದು ಮುಂದಕ್ಕೆ ಕಳುಹಿಸುವ ಸಾಧನ) ನನ್ನನ್ನು ಹೆಚ್ಚು ನಿರಾಶೆಗೊಳಿಸಿತು. ಫೋನಿನಲ್ಲಿ ಸಿಗ್ನಲ್ ಗೆರೆಗಳೆಲ್ಲ ತುಂಬಿರುತ್ತಿದ್ದವು, ವೇಗ ಮಾತ್ರ 40 ದಾಟಲಿಲ್ಲ. ಆ ಗೆರೆಗಳು ಹೇಳುವುದು ಫೋನಿಗೂ ರಿಪೀಟರಿಗೂ ನಡುವಿನ ಸ್ಥಿತಿಯನ್ನೇ ಹೊರತು ಅಲ್ಲಿಂದ ರೂಟರ್‌ವರೆಗಿನದನ್ನಲ್ಲ. ಜೊತೆಗೆ ಒಂದೇ ರೇಡಿಯೊ ಸರದಿಯಂತೆ ಕೇಳಿಸಿಕೊಂಡು ಮತ್ತೆ ಕಳುಹಿಸಬೇಕಾಗುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಕುವೆಂಪುನಗರದ ಭಾವನವರಿಂದ ಒಂದು ವಾರಕ್ಕೆ ತಂದ ಎರಡು ಘಟಕಗಳ ಮೆಶ್ (ಹಲವು ಘಟಕಗಳು ಸೇರಿ ಮನೆಯಿಡೀ ಒಂದೇ ವೈ-ಫೈ ಜಾಲವಾಗುವ ವ್ಯವಸ್ಥೆ) ಇದಕ್ಕಿಂತ ಎಷ್ಟೋ ಮೇಲು. ಮನೆಯೊಳಗೆ ಓಡಾಡುವಾಗ ವಿಡಿಯೊ ಕರೆ ಕಡಿಯಲಿಲ್ಲ, ಹಿಂದಿನ ಕೋಣೆಯಲ್ಲಿ 90ರ ಆಸುಪಾಸು ಸಿಕ್ಕಿತು. ತೆಳು ಗೋಡೆಗಳಿರುವ ಅವರ ಮನೆಯಲ್ಲಿ ಅದೇ ಮೆಶ್ 150ಕ್ಕಿಂತ ಹೆಚ್ಚು ಕೊಡುತ್ತದೆ. ನಮ್ಮಲ್ಲಿ ಎರಡು ಘಟಕಗಳ ನಡುವಿನ ಮಾತುಕತೆಯೂ ಅದೇ ಗಾರೆ ಗೋಡೆಯನ್ನು ದಾಟಬೇಕಿತ್ತು.

ಕೊನೆಗೆ ಹದಿನೆಂಟು ಮೀಟರ್ ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲನ್ನು ಗೋಡೆಯಂಚಿನಲ್ಲಿ ಎಳೆದು, ಅಟ್ಟದಲ್ಲಿದ್ದ ಹಳೆಯ ಗಿಗಾಬಿಟ್ ರೂಟರನ್ನು ಹಿಂದಿನ ಕೋಣೆಯಲ್ಲಿ ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ಕೇಬಲಿನಲ್ಲಿ ಬಂದ ಸಂಪರ್ಕವನ್ನು ವೈ-ಫೈಯಾಗಿ ಹಂಚುವ ಸಾಧನವಾಗಿ, ಇಟ್ಟೆ. ಅದರ ಡಿಎಚ್‌ಸಿಪಿಯನ್ನು (ಸಾಧನಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ವ್ಯವಸ್ಥೆಯನ್ನು) ನಿಲ್ಲಿಸಿ, ಮುಖ್ಯ ರೂಟರಿನದರೊಂದಿಗೆ ಘರ್ಷಿಸದ ಐಪಿ ವಿಳಾಸ ಕೊಟ್ಟು, ಕೇಬಲನ್ನು ವ್ಯಾನ್ (ಹೊರಗಿನ ಇಂಟರ್ನೆಟ್ ಒಳಬರುವ) ಪೋರ್ಟಿಗೆ ಹಾಕದೆ ಲ್ಯಾನ್ ಪೋರ್ಟಿಗೇ ಹಾಕಬೇಕು. ವೈ-ಫೈ ಹೆಸರು ಮತ್ತು ಪಾಸ್‌ವರ್ಡ್ ಎರಡೂ ಕಡೆ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆಯಿರಲಿ. ವೇಗ 190 ಬಂತು, ಸಂಜೆಯ ದಟ್ಟಣೆಯ ಹೊತ್ತಿನಲ್ಲೂ ಇಳಿಯಲಿಲ್ಲ.

"ದೇವರಮನೆ ಬಾಗಿಲ ಮೇಲೆ ಈ ತಂತಿ ಯಾಕಪ್ಪಾ?" ಎಂದು ಅಮ್ಮ ಆಕ್ಷೇಪಿಸಿದ್ದರಿಂದ ಮಾರ್ಗ ಬದಲಿಸಿ ಒಂದು ಇಡೀ ಭಾನುವಾರ ಮತ್ತೆ ದುಡಿದೆ. ಗೋಡೆಗೆ ಮೊಳೆ ಹೊಡೆಯಲು ಮಾಲೀಕರು ಒಪ್ಪದ ಬಾಡಿಗೆ ಮನೆಯವರಿಗೆ ನಾನು ಮೆಶ್ ಅನ್ನೇ ಹೇಳುತ್ತೇನೆ. ದಪ್ಪ ಗೋಡೆಯ ಸ್ವಂತ ಮನೆಯವರಿಗೆ ಕೇಬಲನ್ನು. ರಿಪೀಟರ್ ಈಗ ಹಿತ್ತಿಲ ಕ್ಯಾಮೆರಾ ಒಂದಕ್ಕೇ ಮೀಸಲು, ಅದಕ್ಕೆ ಬೇಕಾದ ಮೂರು ನಾಲ್ಕು ಎಂಬಿಪಿಎಸ್ ಅದರಿಂದ ಧಾರಾಳವಾಗಿ ಸಿಗುತ್ತದೆ.