ಉಪ್ಪುನೀರಿನ ಶುಂಠಿಗೆ ಯಾವ ಜಾಡಿ?

ಶುಂಠಿಯನ್ನು ಉಪ್ಪುನೀರಿನಲ್ಲಿ ಹಾಕಿಟ್ಟು ಹುಳಿ ಬರಿಸಲು ಮೂರು ಜಾಡಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜೇನಿನ ಖಾಲಿ ಬಾಟಲಿಗೆ. ಮುಂಬೈಯ ದಾದರ್‌ನಲ್ಲಿ ದುಡ್ಡು ಕೊಟ್ಟು ತಂದ ಕ್ಲಿಪ್ ಮುಚ್ಚಳದ ಗಾಜಿನ ಜಾಡಿಯಲ್ಲಿ ಈಗ ತೊಗರಿಬೇಳೆ ಇದೆ. ಮೂರನೆಯದು ಊರಿಂದ ತಂದ ಚೀನಿಮಣ್ಣಿನ ಭರಣಿ. ಮೂರಕ್ಕೂ ಒಂದೇ ಅಳತೆ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 35 ಗ್ರಾಂ ಕಲ್ಲುಪ್ಪು. ತೂಕ ಮಾಡಿಯೇ ಹಾಕಿ, ಕಲ್ಲುಪ್ಪಿಗೆ ಚಮಚದ ಲೆಕ್ಕ ನಂಬುವಂಥದ್ದಲ್ಲ.

ಕ್ಲಿಪ್ ಜಾಡಿ ನೋಡಲು ಚೆಂದ. ತೊಂದರೆ ಏನೆಂದರೆ ಅದರಲ್ಲಿ ಶುಂಠಿ ತೇಲುತ್ತದೆ. ನೀರಿನ ಒಳಗಿರುವಷ್ಟು ಹೊತ್ತು ಶುಂಠಿಗೆ ಭಯವಿಲ್ಲ. ಗಾಳಿ ಸಿಗದ ಆ ಜಾಗದಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾ ಬೆಳೆದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ, ಶುಂಠಿ ಕೆಡದೆ ಉಳಿಯುವುದು ಅದರಿಂದಲೇ. ಒಂದು ಚೂರು ಮೂತಿ ಹೊರಗೆ ಹಾಕಿತೋ, ಅಲ್ಲೇ ಬೂಷ್ಟು. ಮುಂಬೈ ಮಳೆಗಾಲದ ತೇವದಲ್ಲಂತೂ ಕೇಳುವುದೇ ಬೇಡ.

ಈ ಜಾಡಿಯ ಗೋಡೆ ಮೇಲಿಂದ ಕೆಳಗಿನವರೆಗೆ ನೇರ, ಹಾಗಾಗಿ ಶುಂಠಿಯ ಮೇಲೆ ಭಾರ ಇಡಲೇಬೇಕು. ಸಣ್ಣ ಗಾಜಿನ ಬಟ್ಟಲು ಇಟ್ಟೆ. ತೆಳ್ಳಗಿನ ಬಿಲ್ಲೆಗಳು ಪಕ್ಕದ ಸಂದಿಯಿಂದ ಒಂದೊಂದಾಗಿ ನುಸುಳಿ ಮೇಲೆ ಬಂದವು. ಪ್ಲಾಸ್ಟಿಕ್ ಚೀಲಕ್ಕೆ ಉಪ್ಪುನೀರು ತುಂಬಿ ಇಟ್ಟೆ. ಸಂದಿ ಮುಚ್ಚಿತು ನಿಜ, ಆದರೆ ಒಂದು ತುಂಡು ತೆಗೆಯಬೇಕೆಂದರೂ ಒದ್ದೆ ಚೀಲ ಎತ್ತಿ ತಟ್ಟೆಗೆ ಹಾಕಬೇಕು. ಡೊಂಬಿವಿಲಿಯಿಂದ ಬೆಳಿಗ್ಗೆ ಲೋಕಲ್ ರೈಲು ಹಿಡಿಯುವವರಿಗೆ ಇದು ಆಗುವ ಕೆಲಸ ಅಲ್ಲ. ಇದರ ಮೇಲೆ ರಬ್ಬರ್ ರಿಂಗ್ ಬೇರೆ ಬಿಗಿ. ಹುಳಿ ಬರುವಾಗ ಏಳುವ ಗ್ಯಾಸ್ ಬಿಡಲು ದಿನಾ ಕ್ಲಿಪ್ ಎತ್ತಬೇಕು, ಇಲ್ಲದಿದ್ದರೆ ತೆರೆದಾಗ ನೀರು ಉಕ್ಕಿ ಕಟ್ಟೆಯೆಲ್ಲ ಹರಿಯುತ್ತದೆ. ಉಪ್ಪು ತಾಗಿ ಕ್ಲಿಪ್ಪಿನ ತಂತಿಗೆ ತುಕ್ಕೂ ಬಂತು.

ಜೇನಿನ ಬಾಟಲಿಯ ಕತ್ತು ಸಣ್ಣ, ಹೊಟ್ಟೆ ಅಗಲ. ಎಲ್ಲ ಗುಣ ಅದರಲ್ಲೇ ಇದೆ. ಎಳೆ ಶುಂಠಿಯ ಸಿಪ್ಪೆ ಕೆರೆದು ಬೆರಳುದ್ದದ ಕಡ್ಡಿಗಳಾಗಿ ಹೆಚ್ಚಿ, ನಿಲ್ಲಿಸಿ ಒತ್ತಾಗಿ ತುಂಬಿ. ಕೊನೆಗೆ ಎರಡು ಉದ್ದದ ಕಡ್ಡಿಗಳನ್ನು ತುಸು ಬಾಗಿಸಿ ಒಳಗೆ ಇಳಿಸಿ, ಕತ್ತಿನ ಕೆಳಗೆ ಅಡ್ಡಡ್ಡ ಸಿಕ್ಕಿಸಿ. ಬಾಗಿಲಿಗೆ ಅಗಳಿ ಹಾಕಿದ ಹಾಗೆ ಕೂರುತ್ತವೆ, ಕೆಳಗಿನ ಒಂದು ಚೂರೂ ಮೇಲೇಳುವುದಿಲ್ಲ. ಆಮೇಲೆ ಅವು ಮುಳುಗುವಷ್ಟು ಉಪ್ಪುನೀರು. ಪ್ಲಾಸ್ಟಿಕ್ ಮುಚ್ಚಳ ಸ್ವಲ್ಪ ಸಡಿಲ ಬಿಟ್ಟರೆ ಗ್ಯಾಸ್ ತಾನಾಗಿ ಹೋಗುತ್ತದೆ. ಬಾಟಲಿ ಕೆಳಗೆ ಒಂದು ತಟ್ಟೆ ಇರಲಿ.

ಗಾಜಾದ್ದರಿಂದ ಎಲ್ಲವೂ ಕಾಣುತ್ತದೆ. ಕಡ್ಡಿಗಳ ನಡುವೆ ಗುಳ್ಳೆ ಏರುವುದು, ನೀರು ಮಬ್ಬಾಗುವುದು, ಎಳೆ ಶುಂಠಿಯ ಕೆಂಪು ತುದಿ ಹುಳಿ ಏರಿದಂತೆ ಗುಲಾಬಿ ಆಗುವುದು. ಮಬ್ಬು ನೀರಿಗೆ ಹೆದರಬೇಡಿ. ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿದರೆ ಅದು ಯೀಸ್ಟ್, ಚಮಚದಲ್ಲಿ ತೆಗೆದರೆ ಆಯಿತು. ಹತ್ತಿಯಂತೆ ನವಿರು ಎದ್ದರೆ, ಹಸಿರೋ ಕಪ್ಪೋ ಬಣ್ಣ ಬಂದರೆ ಪೂರ್ತಿ ಬಿಸಾಡಿ.

ಭರಣಿಯ ಮೇಲೆ ನನಗೆ ಪ್ರೀತಿ ಇದೆ. ಆದರೆ ಅದು ಮಾವಿನ ಮಿಡಿಗೆ, ಉಪ್ಪು ಸೊಳೆಗೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ). ಅಲ್ಲಿ ಉಪ್ಪು ಧಾರಾಳ, ಮುಚ್ಚಿಟ್ಟು ಮರೆಯಬಹುದು. ಇಷ್ಟು ಕಡಿಮೆ ಉಪ್ಪಿನಲ್ಲಿ ದಿನಾ ಕಣ್ಣಿಡಬೇಕು, ಭರಣಿಯ ಒಳಗೆ ಏನೂ ಕಾಣುವುದಿಲ್ಲ ಅಲ್ವಾ? ಮನೆ ತುಂಬ ಜನ ಇದ್ದು ಕಿಲೋಗಟ್ಟಲೆ ಹಾಕುವವರು ಅದನ್ನೇ ಬಳಸಲಿ, ಮೇಲೊಂದು ಚಪ್ಪಟೆ ಕಲ್ಲು ತೊಳೆದಿಡಲಿ.

ನಾವಿರುವುದು ಇಬ್ಬರು. ಮಜ್ಜಿಗೆ ಅನ್ನದ ಜೊತೆ ಎರಡು ಕಡ್ಡಿ ಸಾಕು. ಬಾಟಲಿಗೆ ಹೊಸದಾಗಿ ಖರ್ಚಿಲ್ಲ. ಸೆಕೆಯಲ್ಲಿ ಒಂದು ವಾರ ದಾಟುವಾಗ ರುಚಿ ನೋಡಿ. ನಿಮಗೆ ಬೇಕಾದಷ್ಟು ಹುಳಿ ಬಂದಿದ್ದರೆ ಮುಚ್ಚಳ ಬಿಗಿ ಮಾಡಿ ಫ್ರಿಜ್ಜಿಗೆ ಇಡಿ. ಬಾಗಿಲಿನ ಸಾಲಿನಲ್ಲೇ ಹಿಡಿಯುತ್ತದೆ.