ಪದ್ಮಿನಿಯ ಪೆಟ್ರೋಲ್ ಪೈಪಿಗೆ ಯಾವ ಇಕ್ಕಳ?

ತುಮಕೂರಿನ ಗೆಳೆಯರೊಬ್ಬರು ತಮ್ಮ ಹಳೇ ಪ್ರೀಮಿಯರ್ ಪದ್ಮಿನಿ ಕಾರಿಗೆ ಹೊಸ ಪೆಟ್ರೋಲ್ ಹೋಸ್ ಹಾಕಬೇಕು, ಕಿವಿಯಿರುವ ಕ್ಲಾಂಪ್ (ಹೋಸನ್ನು ಸುತ್ತಿ ಹಿಡಿಯುವ ಲೋಹದ ಪಟ್ಟಿ, ಉಬ್ಬಿದ ಕಿವಿ ಒತ್ತಿದರೆ ಬಿಗಿಯಾಗುವಂಥದ್ದು) ಒತ್ತಲು ಏನು ಕೊಳ್ಳಲಿ ಅಂತ ಕೇಳಿದ್ದರು.

ಮನೆಯಲ್ಲಿರುವ ಬಡಗಿ ಇಕ್ಕಳವಾದರೆ ಖರ್ಚಿಲ್ಲ. ಆದರೆ ಅದರ ಬಾಯಿ ಹರಿತ, ಮೊಳೆ ಕೀಳಲು, ಕತ್ತರಿಸಲು ಮಾಡಿದ್ದು. ಕೈ ಸ್ವಲ್ಪ ಬಿಗಿಯಾದರೂ ಕಿವಿಯೇ ತುಂಡಾಗುತ್ತದೆ, ಇಲ್ಲವೇ ಗೀರು ಬಿದ್ದು ಮುಂದೊಂದು ದಿನ ಬಿರಿಯುತ್ತದೆ. ಅರದಿಂದ ಉಜ್ಜಿ ಮೊಂಡು ಮಾಡಿಕೊಂಡರೆ ಒಂದೆರಡು ಕ್ಲಾಂಪಿಗೆ ನಡೆದೀತು.

ಕ್ಲಾಂಪಿಗೆಂದೇ ಬರುವ ಕ್ರಿಂಪಿಂಗ್ ಪ್ಲೈಯರ್ ಕಿವಿಯ ಎರಡೂ ಬುಡವನ್ನು ಸಮನಾಗಿ ಹಿಡಿಯುತ್ತದೆ. ಇಕ್ಕಟ್ಟಿನ ಜಾಗಕ್ಕೆ ಪಕ್ಕದಿಂದಲೂ ಒತ್ತುವಂಥದ್ದು ಬೇಕು. ವರ್ಷಕ್ಕೆ ಮೂರ್ನಾಲ್ಕು ಹಳೇ ಗಾಡಿ ಬಿಚ್ಚುವವರಿಗೆ ದುಡ್ಡು ದಂಡವಲ್ಲ. ಆದರೆ ಕಿವಿ ಕ್ಲಾಂಪ್ ಒಂದೇ ಸಲದ ಬಳಕೆಗೆ. ಅಳತೆ ಹೋಸಿಗೆ ಹೊಂದದಿದ್ದರೆ ಎಂಥ ಪ್ಲೈಯರ್ ಹಿಡಿದರೂ ಸೋರುತ್ತದೆ.

ಕಿವಿಯದರ ಬದಲು ಸ್ಕ್ರೂ ತಿರುಗಿಸಿ ಬಿಗಿಯುವ ಕ್ಲಾಂಪ್ ಹಾಕಿದರೆ ಸ್ಕ್ರೂಡ್ರೈವರ್ ಸಾಕು. ಪಟ್ಟಿಯಲ್ಲಿ ಸಾಲು ತೂತಿರುವಂಥದ್ದು ಬೇಡ, ಸಣ್ಣ ಹೋಸಿನ ರಬ್ಬರನ್ನೇ ಕೊರೆಯುತ್ತದೆ. ಅಂಚು ಮಡಿಸಿದ, ನಟ್-ಬೋಲ್ಟಿನದು ತಗೊಳ್ಳಿ. ಒಂದೇ ಸಲ ಹೋಸ್ ಬದಲಿಸುವವರಿಗೆ, ಶಿರಾ ದಾಟಿ ದೂರ ಹೋಗುವವರಿಗೆ ಇದೇ ಅನುಕೂಲ. ದಾರಿಯಲ್ಲೂ ಬಿಚ್ಚಿ ಮತ್ತೆ ಬಿಗಿಯಬಹುದು.

ಹಾಂ, ಅಂಗಡಿಯಲ್ಲಿ ಎಥೆನಾಲ್ ಬೆರೆತ ಪೆಟ್ರೋಲನ್ನು ತಾಳಿಕೊಳ್ಳುವ ಹೋಸನ್ನೇ ಕೇಳಿ.